ಪೇಟಿ ಮಾಸ್ತರರ ದನಿಯ ಮೇಲಿನ ತಕರಾರು

ನನ್ನ ನಾಟಕವನ್ನು ನಾನೇ ಕದ್ದಿದ್ದೇನೆ ಎಂಬ ಸುದ್ದಿ ನನಗೆ ಇಂಗ್ಲಿಷಿನಲ್ಲಿ ಬಂತು. ಬೆಳಿಗ್ಗೆ ಚಹಾ ಕುಡಿಯುತ್ತ ಫೋನು ತೆರೆದರೆ, ಇಂಟರ್ನೆಟ್ಟಿನಲ್ಲಿ ನಾನು ವಿಡಿಯೊಗಳನ್ನು ಹಾಕುವ ಪರದೇಶದ ಕಂಪನಿಯಿಂದ ಒಂದು ಪತ್ರ. ನಿಮ್ಮ ವಿಡಿಯೊದಲ್ಲಿ ಬೇರೆಯವರ ಸ್ವತ್ತಾದ ಹಾಡಿದೆ, ಆದ್ದರಿಂದ ಅದನ್ನು ಎಲ್ಲ ದೇಶಗಳಲ್ಲೂ ತಡೆಹಿಡಿಯಲಾಗಿದೆ ಎಂದು ಅದರಲ್ಲಿತ್ತು. ಆ ವಿಡಿಯೊ ನೋಡುತ್ತಿದ್ದವರು ಹೆಚ್ಚೆಂದರೆ ರಾಯಬಾಗ, ಅಥಣಿ, ಕಾಗವಾಡದ ಕಡೆಯ ನಾಟಕದ ಹುಚ್ಚಿನವರು, ಮತ್ತೆ ನಿಪ್ಪಾಣಿಯ ಒಬ್ಬ ಹೆಣ್ಣುಮಗಳು. ಇಷ್ಟು ಮಂದಿಯನ್ನು ತಡೆಯಲು ಇಡೀ ಜಗತ್ತಿಗೆ ಬೀಗ ಹಾಕಿದ್ದಾರಲ್ಲ ಎಂದು ಮೊದಲು ನಗು ಬಂತು. ಆಮೇಲೆ ಆ ಹೆಣ್ಣುಮಗಳ ನೆನಪಾಯಿತು, ಚಹಾ ಅಲ್ಲೇ ಆರಿತು.

ನಾನು ಚಿಕ್ಕೋಡಿಯವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅದರ ಜೊತೆಗೆ ಹಳ್ಳಿಯವರು ಬಣ್ಣ ಹಚ್ಚಿಕೊಂಡು ಆಡುವ ಸಾಮಾಜಿಕ ನಾಟಕಗಳನ್ನು ಬರೆದವನು. ನಮ್ಮ ಕಡೆ ನಾಟಕ ಬರೆದವನನ್ನು ಕವಿ ಎನ್ನುತ್ತಾರೆ, ಹಾಗಾಗಿ ಒಂದೂ ಕವನ ಸಂಕಲನವಿಲ್ಲದ ನಾನು ಆಸುಪಾಸಿನ ತಾಲ್ಲೂಕುಗಳಿಗೆಲ್ಲ ಕವಿಯಾದೆ. ನಾಟಕ ಆಡಬೇಕೆಂದರೆ ಊರ ಹಿರಿಯರು ತೆಂಗಿನಕಾಯಿ, ಎಲೆ ಅಡಿಕೆ, ನನ್ನ ಹೆಂಡತಿಗೊಂದು ಕುಪ್ಪಸದ ಖಣ ಹಿಡಿದು ಮನೆಗೆ ಬರುತ್ತಿದ್ದರು. "ಕವಿಗಳ, ಈ ಸಲ ನಿಮ್ಮ ನಾಟಕ ಮಾಡಬೇಕಂತ ಮಾಡೇವ್ರಿ, ಪರವಾನಗಿ ಕೊಡ್ರಿ" ಎನ್ನುತ್ತಿದ್ದರು. ನಾನು ಸ್ವಲ್ಪ ಬಿಗುಮಾನ ಮಾಡಿ ಕೊಡುತ್ತಿದ್ದೆ. ಆ ಕಾಯಿ ಒಂದು ಪ್ರಯೋಗಕ್ಕೆ ಮಾತ್ರ. ಮರುವರ್ಷ ಅದೇ ನಾಟಕ ಆಡುವುದಿದ್ದರೆ ಮತ್ತೆ ಕಾಯಿ ತರಬೇಕು, ಮತ್ತೆ ಕೇಳಬೇಕು. ಯಾವ ಕಾನೂನಿನಲ್ಲಿ ಹೀಗೆ ಬರೆದಿದೆಯೋ ನನಗೆ ಗೊತ್ತಿಲ್ಲ, ಆದರೆ ಇದನ್ನು ಮುರಿದವರನ್ನು ಬಹುಕಾಲ ನಾನು ಕಂಡಿರಲಿಲ್ಲ.

ಮೊದಲು ಝೆರಾಕ್ಸ್ ಬಂತು, ಆಮೇಲೆ ಫೋನು. ನನ್ನ ಪುಸ್ತಕಗಳ ಫೋಟೊ ಹೊಡೆದು ಒಬ್ಬರಿಂದ ಒಬ್ಬರಿಗೆ ಕಳಿಸತೊಡಗಿದರು. ಕಾಯಿ ನಿಂತಿತು. ಒಂದು ಊರಿನಲ್ಲಿ ನಾಟಕದ ಹೆಸರನ್ನು ಬದಲಿಸಿ, ಕವಿಯ ಜಾಗದಲ್ಲಿ ಪಂಚಾಯ್ತಿ ಸದಸ್ಯನ ಹೆಸರು ಹಾಕಿ ಫಲಕ ಕಟ್ಟಿದ್ದರು, ಉದ್ಘಾಟನೆಗೆ ನನ್ನನ್ನೇ ಕರೆದಿದ್ದರು. ಶುರುವಿನಲ್ಲಿ ಜಗಳ ಮಾಡಿದೆ. ಆಮೇಲೆ ಜಗಳ ಮಾಡಿ ಮನೆಗೆ ಬಂದರೆ ಊಟ ಸೇರದಂತಾಯಿತು. ಬಿಟ್ಟುಬಿಟ್ಟೆ.

ಇದೇ ಹೊತ್ತಿನಲ್ಲಿ ನಮ್ಮೂರ ಕಾಲೇಜೊಂದರಲ್ಲಿ ಕೃತಿಚೌರ್ಯದ ವಿರುದ್ಧ ದೇಶ ದೇಶಗಳು ಸೇರಿ ನಡೆಸುತ್ತಿರುವ ಹೋರಾಟದ ಬಗ್ಗೆ ಒಂದು ಕಾರ್ಯಾಗಾರ ಆಯಿತು. ನೊಂದ ಲೇಖಕ ಎಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ದೂರದಿಂದ ಬಂದಿದ್ದ ಉಪನ್ಯಾಸಕರು ಒಪ್ಪಂದಗಳ ಬಗ್ಗೆ, ಗಡಿಯಲ್ಲಿ ನಕಲಿ ಸಿ.ಡಿ.ಗಳನ್ನು ಹಿಡಿದು ಸುಡುವುದರ ಬಗ್ಗೆ, ಹಾಡಿನ ಬೆರಳಚ್ಚು ಹಿಡಿದು ನಕಲನ್ನು ಗುರುತಿಸುವ ಯಂತ್ರಗಳ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಎಲ್ಲರಿಗೂ ಒಂದೊಂದು ದಪ್ಪ ಪುಸ್ತಕವನ್ನೂ ಹಂಚಿದರು. ಅದು ಪರದೇಶದ ಯಾವುದೋ ಗ್ರಂಥವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಝೆರಾಕ್ಸ್ ಮಾಡಿದ್ದು. ಅನುಮತಿಯಿಲ್ಲದೆ ನಕಲು ಮಾಡಬಾರದು ಎಂಬ ಪುಟವನ್ನೂ ಬಿಟ್ಟಿರಲಿಲ್ಲ. ನನಗೆ ನಗುವಷ್ಟೂ ಶಕ್ತಿ ಉಳಿದಿರಲಿಲ್ಲ, ಉಪ್ಪಿಟ್ಟು ತಿಂದು ಮನೆಗೆ ಬಂದೆ.

ಪತ್ರ ಬಂದಾಗ ನಾನಿದ್ದದ್ದು ಈ ಸ್ಥಿತಿಯಲ್ಲಿ. ನನ್ನದೊಂದೇ ಆಗಿದ್ದರೆ ಅದನ್ನೂ ಬಿಟ್ಟುಬಿಡುತ್ತಿದ್ದೆ. ಆದರೆ ಆ ಹಾಡು ಪೇಟಿ ಮಾಸ್ತರರದು.

ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಎನ್ನುತ್ತಾರೆ. ಮಾಸ್ತರರು ನಿಪ್ಪಾಣಿಯವರು. ಹಗಲು ತಂಬಾಕಿನ ಗೋದಾಮಿನಲ್ಲಿ ಕೆಲಸ, ಸಂಜೆ ಯಾವುದಾದರೊಂದು ಹಳ್ಳಿಯಲ್ಲಿ ನಾಟಕದ ತಾಲೀಮು. ಮನೆಮಾತು ಮರಾಠಿ, ಹಾಡಿದ್ದೆಲ್ಲ ಕನ್ನಡ. ನನ್ನ ಎಲ್ಲ ನಾಟಕಗಳ ಪದಗಳಿಗೂ ರಾಗ ಹಾಕಿದವರು ಅವರೇ. ಪಾತ್ರಧಾರಿಗಳು ತಮ್ಮ ತಮ್ಮ ಪದ ತಾವೇ ಹಾಡುತ್ತಿದ್ದರು, ಕೊನೆಯ ಪದ ಮಾತ್ರ ಮಾಸ್ತರರದು. ರಂಗದ ಮೇಲೆ ಅಣ್ಣ ತಂಗಿ ಅಳುತ್ತ ನಿಂತಿರುವಾಗ ಅವರು ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ ಹಾಡುತ್ತಿದ್ದರು. ಮೈಕು ಕೆಟ್ಟರೂ ಕೊನೆಯ ಸಾಲಿನವರಿಗೆ ಕೇಳುವ ದನಿ ಅದು. ನಾನು ಬರೆದ ಮಾತಿಗೆ ಅತ್ತವರನ್ನು ನಾನು ನೋಡಿಲ್ಲ, ಅವರ ಹಾಡಿಗೆ ಅತ್ತವರನ್ನು ಬಹಳ ನೋಡಿದ್ದೇನೆ. ಇದರಿಂದ ನನಗೆ ಹೊಟ್ಟೆಕಿಚ್ಚೂ ಆಗಿದೆ.

ಆ ಗಂಟಲಿಗೆ ಕ್ಯಾನ್ಸರ್ ಆಯಿತು. ಮಿರಜಿನಲ್ಲಿ ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಈಗ ಅವರು ಮಾತಾಡಿದರೆ ತುಟಿಗಳು ಅಲುಗುತ್ತವೆ, ಕೊರಳಿನ ತೂತಿನಲ್ಲಿ ಉಸಿರಿನ ಸಪ್ಪಳ ಕೇಳುತ್ತದೆ, ಅಷ್ಟೇ.

ಅವರು ಹಾಡಿದ ದನಿ ಉಳಿದಿದ್ದು ಒಂದೇ ಕಡೆ. ಕಾಗವಾಡದ ಕಡೆಯ ಒಂದು ಹಳ್ಳಿಯವರು ನನ್ನ ನಾಟಕ ಆಡಿದಾಗ ಮದುವೆ ವಿಡಿಯೊ ತೆಗೆಯುವವನೊಬ್ಬ ಇಡೀ ಪ್ರಯೋಗವನ್ನು ಚಿತ್ರಿಸಿದ್ದ, ನನಗೂ ಒಂದು ಪ್ರತಿ ಕೊಟ್ಟಿದ್ದ. ಆ ಊರು ಕೃಷ್ಣೆಯ ದಂಡೆಯ ಮೇಲಿದೆ. ನೆರೆ ಬಂದ ವರ್ಷ ಅವನ ಅಂಗಡಿಯೊಳಗಿನ ಕಂಪ್ಯೂಟರುಗಳೆಲ್ಲ ಕೆಸರಿನಲ್ಲಿ ಹೋದವು. ನನ್ನ ಪ್ರತಿ ಹಳೆಯ ಫೋನಿನಲ್ಲಿತ್ತು, ಫೋನು ಸತ್ತಾಗ ಅದೂ ಹೋಯಿತು. ನಾನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅದನ್ನು ಇಂಟರ್ನೆಟ್ಟಿಗೆ ಏರಿಸಿದ್ದೆ. ಅಷ್ಟು ಮೇಲೆ ಯಾವ ಹೊಳೆ ಬರುತ್ತದೆ ಎಂದುಕೊಂಡಿದ್ದೆ. ಈಗ ಅದನ್ನು ಮರಳಿ ಇಳಿಸಿಕೊಳ್ಳಲು ನೋಡಿದರೆ, ತಡೆಹಿಡಿದ ವಿಡಿಯೊ ಇಳಿಸಿಕೊಳ್ಳಲು ಬರುವುದಿಲ್ಲ ಎಂಬ ಉತ್ತರ ಬಂತು.

ನಿಪ್ಪಾಣಿಗೆ ಹೋದೆ. ಮಾಸ್ತರರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿದ್ದರು. ಮಾಸ್ತರರು ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದರು, ನನ್ನನ್ನು ನೋಡಿ ಎದ್ದು ನಿಂತರು.

"ಬರ್ರಿ ಸರ್, ಬಸಾ. ನಿಮ್ಮ ಸಿನಿಮಾ ಚಾಲೂನ ಆಗವಲ್ದು ನೋಡ್ರಿ," ಎಂದರು ವೈನಿ. ನಾಟಕದ ವಿಡಿಯೊಕ್ಕೆ ಅವರು ಸಿನಿಮಾ ಎನ್ನುತ್ತಾರೆ. "ನೆಟ್‌ವರ್ಕ್ ಇಲ್ಲಂತ ಮಾಡಿದ್ನಿ. ಬಾಜೂ ಮನಿಯವರ ಫೋನಿನ್ಯಾಗೂ ಬರವಲ್ದು."

ಆದದ್ದನ್ನು ಹೇಳಿದೆ. ಅವರ ಕೈ ಬೀಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಹಾಂಗಂದ್ರ ಇವರ ಆವಾಜ ಯಾರೋ ತಗೊಂಡ ಹೋಗ್ಯಾರಂತಾತು," ಎಂದರು. "ಮೊನ್ನೆ ನಮ್ಮ ಓಣ್ಯಾಗ ಮದಿವಿ ವರಾತ ಹೊಂಟಿತ್ರಿ. ಡಿಜೆದಾಗ ಇವರದ ಆವಾಜ. ದಮ್ ದಮ್ ಅಂತ ಹಿಂದ ಬಡಿಯೋದು, ನಡುವ 'ಬಾರವ್ವ, ಬಾರವ್ವ' ಅನ್ನೋದು. ಅಷ್ಟ. ಮುಂದಿಂದ ಹಾಡತಾರೇನ ಅಂತ ನಾ ಬಾಗಲಕ್ಕ ಬಂದ ನಿಂತ್ನಿ. ವರಾತ ತಿರುವಿನ್ಯಾಗ ಹೋದ್ರೂ 'ಬಾರವ್ವ' ಬಿಟ್ಟ ಮುಂದ ಹೋಗಲಿಲ್ಲ."

ಆಗ ತಿಳಿಯಿತು. ಪತ್ರದಲ್ಲಿ ಹೆಸರಿದ್ದ, ರಾಜ್ಯದ ಗಡಿಯಾಚೆಯ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೊದವರು ನನ್ನ ವಿಡಿಯೊದಿಂದ ಹಾಡನ್ನು ಎತ್ತಿಕೊಂಡು, ಕೆಳಗೆ ಡೋಲು ಬಡಿದು, ಮೆರವಣಿಗೆಯ ಹಾಡು ಮಾಡಿದ್ದರು. ಮಾಸ್ತರರು ತುಟಿ ಅಲುಗಿಸಿದರು. ಆಪರೇಷನ್ ಆದಾಗಿನಿಂದ ಅವರ ತುಟಿ ನೋಡಿ ಮಾತು ತಿಳಿಯುವವರು ಅವರ ಹೆಂಡತಿ ಒಬ್ಬರೇ.

"'ಹೋಗಲಿ ಬಿಡ್ರಿ, ಮಂದಿ ಕುಣ್ಯಾಕತ್ತಾರಲ್ಲ' ಅನ್ನಾಕತ್ತಾರ್ರಿ," ಎಂದು ವೈನಿ ಹೇಳಿದರು. ಆಮೇಲೆ ಗಂಡನ ಕಡೆ ನೋಡದೆ, "ನೀವು ಬಿಡಬ್ಯಾಡ್ರಿ ಸರ್. ಕಣ್ಣ ಮುಚ್ಚಿದ್ರ ಇವರ ಆವಾಜ ಹೆಂಗಿತ್ತಂತ ನನಗ ನೆನಪ ಬರವಲ್ದು. ಅದಕ್ಕ ದಿನಾ ಹಚ್ಚಿಕೊಂಡ ಕುಂದ್ರತಿದ್ನಿ," ಎಂದರು.

ಮಾಸ್ತರರು ಹೊರಗೆ ರಸ್ತೆಯ ಕಡೆ ನೋಡುತ್ತಿದ್ದರು. ಬಸ್ಸಿನಲ್ಲಿ ಬರುವಾಗ ನನಗೆ ವೈನಿಯ ಆ ಮಾತೇ ಕಿವಿಯಲ್ಲಿತ್ತು. ಆಯಾಸವನ್ನೆಲ್ಲ ಕೊಡವಿ ಏಳುವುದಕ್ಕೆ ಮನಸ್ಸಿಲ್ಲದಿದ್ದರೂ ಈ ಜಗಳಕ್ಕೆ ಎದ್ದೆ.

ಚಿಕ್ಕೋಡಿ ಕೋರ್ಟಿನಲ್ಲಿ ವಕೀಲಿ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಸದಲಗಾದ ಜೈನ ವ್ಯಾಪಾರಿಗಳ ಮನೆಯ ಮಗಳು. ಹೊಲದ ಬದುವಿನ ದಾವೆಗಳೇ ಅವಳ ಅನ್ನ. ಹೊತ್ತು ಮುಳುಗುವುದರೊಳಗೆ ಊಟ ಮಾಡುವ ಮನೆತನ, ಆದ್ದರಿಂದ ಇಳಿಹೊತ್ತಿಗೆ ಗಡಿಯಾರ ನೋಡುತ್ತಲೇ ಮಾತಾಡುತ್ತಾಳೆ. ಪತ್ರವನ್ನು ಓದಿ ಕನ್ನಡಕ ತೆಗೆದಿಟ್ಟಳು.

"ಸರ್, ಕಾನೂನ ನಿಮ್ಮ ಕಡೆನ ಐತ್ರಿ. ನೀವ ಬರದೀರಿ, ಮಾಸ್ತರ ಹಾಡ್ಯಾರ, ಹುಟ್ಟಿದ ಗಳಿಗಿಯಿಂದ ಅದು ನಿಮ್ಮದು. ಎಲ್ಲೂ ನೋಂದಣಿ ಬೇಕಾಗಿಲ್ಲ. ದೇಶದೇಶದವ್ರು ಕೂಡಿ ಒಪ್ಪಂದ ಮಾಡಿಕೊಂಡಾರ. ಅಲ್ಲಿಯವರ ಪದಕ್ಕ ಎಷ್ಟ ರಕ್ಷಣಾನೋ ನಮ್ಮ ಪದಕ್ಕೂ ಅಲ್ಲಿ ಅಷ್ಟ ರಕ್ಷಣಾ."

"ಹಂಗಾದ್ರ ನನ್ನ ನಾಟಕಕ್ಕ ಪರದೇಶದಾಗೂ ರಕ್ಷಣಾ ಐತಿ ಅನ್ನು."

"ಐತ್ರಿ. ಕಾಗವಾಡದಾಗ ಅಷ್ಟ ಇಲ್ಲ," ಎಂದಳು. ಶಾಲೆಯಲ್ಲೂ ಹೀಗೇ ಇದ್ದಳು, ನಗಿಸಿ ತಾನು ನಗುತ್ತಿರಲಿಲ್ಲ.

ನಡೆದದ್ದೇನೆಂದು ಅವಳೇ ಬಿಡಿಸಿ ಹೇಳಿದಳು. ಸ್ಟುಡಿಯೊದವರು ತಮ್ಮ ಡೋಲಿನ ಹಾಡನ್ನು ಪರದೇಶದ ಹಂಚಿಕೆ ಕಂಪನಿಯೊಂದಕ್ಕೆ ತಮ್ಮದೆಂದು ಕೊಟ್ಟಿದ್ದಾರೆ. ಆ ಕಂಪನಿ ಅದರ ಬೆರಳಚ್ಚನ್ನು ಯಂತ್ರಕ್ಕೆ ಕೊಟ್ಟಿದೆ. ಕಳ್ಳರನ್ನು ಹಿಡಿಯಲೆಂದು ದೊಡ್ಡ ದೊಡ್ಡ ದೇಶಗಳ ಒತ್ತಾಯದಿಂದ ಇಟ್ಟಿರುವ ಯಂತ್ರ ಅದು, ಹಗಲೂ ರಾತ್ರಿ ಜಗತ್ತಿನ ಹಾಡುಗಳನ್ನೆಲ್ಲ ಕೇಳುತ್ತಿರುತ್ತದೆ. ಮೊದಲು ಯಾರು ಹಾಡಿದರು ಎಂದು ಅದು ನೋಡುವುದಿಲ್ಲ, ಮೊದಲು ಯಾರು ಬಂದು ನನ್ನದು ಎಂದರು ಎಂದಷ್ಟೇ ನೋಡುತ್ತದೆ. ನಾವು ಆಕ್ಷೇಪಣೆ ಹಾಕಬೇಕು, ಪುರಾವೆ ಕೊಡಬೇಕು. ಪುರಾವೆ ಸರಿಯೋ ತಪ್ಪೋ ಎಂದು ಮೊದಲು ನೋಡುವವರು ಯಾರು ಎಂದು ಕೇಳಿದೆ. ತಕರಾರು ಮಾಡಿದವರೇ ಎಂದಳು. ನನಗೆ ಅವಳ ಮೇಲೇ ಸಿಟ್ಟು ಬಂತು, ಪಾಪ.

ಪುರಾವೆಗೆ ಬಹಳ ಹುಡುಕಬೇಕಾಗಿರಲಿಲ್ಲ. ನಾಟಕದ ಅಚ್ಚಾದ ಪುಸ್ತಕವಿತ್ತು. ಮುಖಪುಟದ ಒಳಗೆ ಕವಿ ಎಂದು ನನ್ನ ಹೆಸರು, ಸಂಗೀತ ಎಂದು ಮಾಸ್ತರರ ಹೆಸರು. ಕೊನೆಯಲ್ಲಿ ಹಾಡಿನ ಪುಟ. ಎರಡೂ ಪುಟಗಳ ಫೋಟೊ ತೆಗೆದು, ಮಾಸ್ತರರ ಸಹಿ ತಂದು, ಇಬ್ಬರೂ ಕೂತು ಕಳಿಸಿದೆವು. ಇಷ್ಟು ಗಟ್ಟಿ ಪುರಾವೆ ಅವರ ಹತ್ತಿರ ಎಲ್ಲಿದೆ ಎಂದು ನಾನು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಕೆಲವು ವಾರಗಳ ಮೇಲೆ ಉತ್ತರ ಬಂತು. ಆಕ್ಷೇಪಣೆ ತಿರಸ್ಕೃತ. ಕಾರಣವನ್ನೂ ಕೊಟ್ಟಿದ್ದರು: ನೀವೇ ಕಳಿಸಿದ ಪುಟದಲ್ಲಿ ಹಾಡಿನ ತಲೆಯ ಮೇಲೆ, ಇದು ಇಂಥ ಹಳೆಯ ಸಿನಿಮಾ ಹಾಡಿನ ಧಾಟಿ ಎಂದು ಅಚ್ಚಾಗಿದೆ. ಅಂದರೆ ರಾಗ ನಿಮ್ಮ ಸಂಗೀತಗಾರರದಲ್ಲ ಎಂದು ನೀವೇ ಒಪ್ಪಿಕೊಂಡಂತಾಯಿತು.

ನಮ್ಮ ಕಡೆಯ ನಾಟಕದ ಪುಸ್ತಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಪದದ ಮೇಲೂ ಧಾಟಿ ಎಂದು ಬರೆದು ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಹೆಸರು ಹಾಕುವುದು ನಮ್ಮ ರೂಢಿ. ಪಾತ್ರ ಮಾಡುವವರು ಹೊಲದ ಕೆಲಸದವರು, ಕಾರ್ಖಾನೆಯವರು, ಕಂಡಕ್ಟರುಗಳು. ಸ್ವರಲಿಪಿ ಅವರಿಗೆ ತಿಳಿಯುವುದಿಲ್ಲ. ಮಾಸ್ತರರು ಬಂದು ತಾಲೀಮು ಹಿಡಿಯುವವರೆಗೆ ಪದದ ಅಳತೆ ಸಿಗಲಿ, ಎಲ್ಲಿ ನಿಲ್ಲಬೇಕು ಎಲ್ಲಿ ಎಳೆಯಬೇಕು ತಿಳಿಯಲಿ ಎಂದು ಆ ಹೆಸರು. ಮಾಸ್ತರರು ಬಂದ ದಿನ ಅದನ್ನು ಮರೆಸಿ ತಮ್ಮ ರಾಗ ಹೇಳಿಕೊಡುತ್ತಿದ್ದರು. ಆ ಕೊನೆಯ ಪದದ ರಾಗಕ್ಕೂ ಸಿನಿಮಾ ಹಾಡಿಗೂ ಯಾವ ಸಂಬಂಧವೂ ಇಲ್ಲ. ನಾನೂ ವಕೀಲಳೂ ಆ ಪುಟವನ್ನು ಎಷ್ಟು ಸಲ ನೋಡಿದ್ದೆವೋ. ಧಾಟಿಯ ಸಾಲು ಇಬ್ಬರ ಕಣ್ಣಿಗೂ ಬೀಳಲೇ ಇಲ್ಲ. ಅವಳ ಅಪ್ಪನೂ ನಾಟಕ ಆಡಿದವರೇ, ಅಂಥ ಪುಸ್ತಕಗಳ ನಡುವೆಯೇ ಬೆಳೆದವಳು ಅವಳು.

ನನ್ನನ್ನು ನಿಜವಾಗಿ ಸುಟ್ಟದ್ದು ಬೇರೆ. ಪರದೇಶದ ಆ ಹಂಚಿಕೆ ಕಂಪನಿಯವರಿಗೆ ಕನ್ನಡ ಬರುವುದಿಲ್ಲ. ಆ ಸಾಲನ್ನು ಹುಡುಕಿ ಇಂಗ್ಲಿಷಿಗೆ ತಿರುಗಿಸಿ ಕೊಟ್ಟವರು ಗಡಿಯಾಚೆಯ ಆ ಸ್ಟುಡಿಯೊದವರೇ ಇರಬೇಕು. ಅವರೂ ಇಂಥ ನಾಟಕಗಳನ್ನು ನೋಡುತ್ತ ಬೆಳೆದವರು. ಧಾಟಿ ಎಂದರೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಜೀವನದಲ್ಲಿ ಯಾರ ಮೇಲೂ ಅಷ್ಟು ಹೇಸಿಗೆಯಾಗಿರಲಿಲ್ಲ.

"ರಾಗ ಸಿನಿಮಾದ್ದಾದ್ರ ಅವರದಾದ್ರೂ ಹೆಂಗಾಗತೈತಿ?" ಎಂದು ವಕೀಲಳನ್ನು ಕೇಳಿದೆ.

"ಆಗಂಗಿಲ್ರಿ. ಆದ್ರ ನಿಮ್ಮದಲ್ಲಂತ ನೀವ ಹೇಳಿದ ಮ್ಯಾಲ, ಅವರದು ಹೌದೋ ಅಲ್ಲೋ ಅಂತ ಯಾರ ಕೇಳ್ತಾರ್ರಿ?" ಎಂದಳು. ಅವಳ ಮುಖವೂ ಇಳಿದಿತ್ತು. "ಧಾಟಿ ಸಾಲ ನಾ ನೋಡಬೇಕಾಗಿತ್ತ ಸರ್. ನನ್ನ ಕೆಲಸ ಅದು."

ಮುಂದಿನ ದಾರಿ ಇರಲಿಲ್ಲ ಎಂದಲ್ಲ. ಮತ್ತೆ ಮೇಲ್ಮನವಿ ಹಾಕಬಹುದು. ಅದರ ಮುಂದೆ, ಬೇಕಾದರೆ ನಿಮ್ಮ ದೇಶದ ಕೋರ್ಟಿಗೆ ಬಂದು ನಿಲ್ಲುತ್ತೇನೆ ಎಂದು ಬರೆದುಕೊಡಬೇಕು. ಅಲ್ಲಿ ಸೋತರೆ ನನ್ನ ಖಾತೆಯೇ ಅಳಿಸಿಹೋಗಬಹುದು. ಅದರಲ್ಲಿ ರಾಯಬಾಗ, ಅಥಣಿಯ ಎಷ್ಟೋ ಊರುಗಳ ನಾಟಕಗಳಿವೆ. ಅವುಗಳಲ್ಲಿ ಆಡಿದ ಕೆಲವರು ಈಗ ಇಲ್ಲ, ಅವರ ಮನೆಯವರೂ ಯಾವಾಗಲಾದರೊಮ್ಮೆ ತೆರೆದು ನೋಡುತ್ತಾರೆ. ಮಾಸ್ತರರೊಬ್ಬರಿಗಾಗಿ ಅವರನ್ನೆಲ್ಲ ಪಣಕ್ಕಿಡುವುದು ಹೇಗೆ?

ಕೊನೆಗೆ ಪತ್ರದ ಕೆಳಗೇ ಒಂದು ದಾರಿ ತೋರಿಸಿದ್ದರು. ತಕರಾರಿನ ಹಾಡಿರುವ ಭಾಗದ ಸದ್ದನ್ನಷ್ಟೇ ಅಳಿಸಿದರೆ ಉಳಿದ ವಿಡಿಯೊವನ್ನು ಬಿಡುಗಡೆ ಮಾಡುತ್ತೇವೆ. ಒಂದು ಗುಂಡಿ ಒತ್ತಿದರೆ ಸಾಕು.

ಹಲವು ದಿನ ಒತ್ತಲಿಲ್ಲ. ಈ ಜಗತ್ತಿನಲ್ಲಿ ಕಳ್ಳತನವನ್ನು ತಡೆಯಲು ಎಷ್ಟೊಂದು ಮಂದಿ ಎಷ್ಟೊಂದು ಕಷ್ಟಪಟ್ಟಿದ್ದಾರೆ, ಒಪ್ಪಂದಗಳಿಗೆ ಸಹಿ ಹಾಕಿದ್ದಾರೆ, ಯಂತ್ರಗಳನ್ನು ಕಟ್ಟಿದ್ದಾರೆ. ಅವರಲ್ಲಿ ಯಾರೂ ಮಾಸ್ತರರಿಗೆ ಕೇಡು ಬಯಸಿದವರಲ್ಲ. ಬೈಯಬೇಕೆಂದರೂ ಒಂದು ಮುಖ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ, ಕೈ ಒರೆಸಿಕೊಂಡು, ಗುಂಡಿ ಒತ್ತಿದೆ.

ವಿಡಿಯೊ ಮರಳಿ ಬಂತು. ಫೋನಿನಲ್ಲಿ ಹೇಳುವ ಧೈರ್ಯ ಆಗಲಿಲ್ಲ, ನಿಪ್ಪಾಣಿಗೇ ಹೋದೆ. ಮಾಸ್ತರರು ಪೇಟೆಗೆ ಹೋಗಿದ್ದರು. ವೈನಿ ಎಂದಿನಂತೆ ಬೀಡಿ ಕಟ್ಟುತ್ತಿದ್ದರು.

"ವೈನಿ, ಸಿನಿಮಾ ಬಂದೈತ್ರಿ. ಮಾಸ್ತರರ ಹಾಡಿನ ಆವಾಜ ಬಂದಿಲ್ಲ," ಎಂದೆ.

ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಫೋನನ್ನು ಗೋಡೆಗೆ ಒರಗಿಸಿ ನೇರ ಕೊನೆಯ ಭಾಗಕ್ಕೇ ಎಳೆದರು. ಅಲ್ಲಿಗೆ ಹೋಗಿ ಹೋಗಿ ಬೆರಳಿಗೆ ಜಾಗ ಗೊತ್ತಿತ್ತು. ಅಣ್ಣನ ಪಾತ್ರದವನು ಮಾತಾಡಿದ, ತಂಗಿಯ ಪಾತ್ರದವಳು ಅತ್ತಳು, ಎಲ್ಲ ಕೇಳಿಸಿತು. ಆಮೇಲೆ ಕ್ಯಾಮೆರಾ ಪಕ್ಕಕ್ಕೆ ಹೊರಳಿತು. ಮಾಸ್ತರರು ಪೇಟಿಯ ಮುಂದೆ ಕೂತಿದ್ದಾರೆ, ಕಣ್ಣು ಮುಚ್ಚಿದ್ದಾರೆ, ಬಾಯಿ ತೆರೆದರು. ಸದ್ದು ನಿಂತಿತು.

ವೈನಿ ಸದ್ದು ಏರಿಸುವ ಗುಂಡಿ ಒತ್ತಿದರು. ಫೋನು ಎತ್ತಿ ಸೆರಗಿನಿಂದ ಅದರ ತಳವನ್ನು ಒರೆಸಿದರು, ಕಿವಿಗೆ ಹಿಡಿದರು. ಮತ್ತೆ ಗೋಡೆಗೆ ಒರಗಿಸಿ ಹಿಂದಕ್ಕೆ ಎಳೆದು ಹಚ್ಚಿದರು. ಅಣ್ಣ ಮಾತಾಡಿದ, ತಂಗಿ ಅತ್ತಳು, ಮಾಸ್ತರರು ಬಾಯಿ ತೆರೆದರು.

ಈ ಸಲ ಅವರು ಮುಂದಕ್ಕೆ ಬಾಗಿ, ಗಂಡನ ಮುಖವನ್ನೇ ನೋಡುತ್ತ ಹೇಳತೊಡಗಿದರು. ಹಾಡಲಿಲ್ಲ. ಮಾಸ್ತರರ ಮಾತನ್ನು ದಿನಾ ಕಿರಾಣಿ ಅಂಗಡಿಯವನಿಗೆ, ಡಾಕ್ಟರಿಗೆ, ನನಗೆ ಹೇಗೆ ಹೇಳುತ್ತಾರೋ ಹಾಗೇ ಹೇಳಿದರು.

"'ಬಾ ತಂಗಿ ಬಾರವ್ವ, ಬಾಗಲಾ ತೆರದೈತಿ' ಅನ್ನಾಕತ್ತಾರ್ರಿ. 'ಒಲಿಮ್ಯಾಲ ನಿನ ಪಾಲಿನ ರೊಟ್ಟಿ ಬಿಸಿ ಐತಿ' ಅನ್ನಾಕತ್ತಾರ. 'ಬೈದ ಮಾತ ಬಯಲಾಗ ಹಾರಿ ಹೋಗೈತಿ'..."

ಮಾಸ್ತರರು ಪರದೆಯ ಮೇಲೆ ಉಸಿರು ಎಳೆದುಕೊಂಡು ಮೈಕಿನ ಹತ್ತಿರಕ್ಕೆ ಬಾಗಿದರು. ಮೈಕು ಅವರ ಬಾಯಿಗೆ ಅಡ್ಡವಾಯಿತು. ಮುಂದಿನ ಸಾಲು ನಾನೇ ಬರೆದದ್ದು, ನನಗೆ ಗೊತ್ತಿತ್ತು. ವೈನಿಗೂ ಬಾಯಿಪಾಠ ಇದ್ದಿರಬೇಕು. ಆದರೆ ಅವರು ತುಟಿ ಕಾಣದ ಆ ಮುಖವನ್ನು ನೋಡುತ್ತ, ಹೇಳುವುದನ್ನು ನಿಲ್ಲಿಸಿ ಕಾಯುತ್ತ ಕೂತರು.